ಆರ್ಗ್ ಮೋಡ್: ಸರಳ ಪಠ್ಯದಲ್ಲಿ ಕೆಲಸಗಳ ಪಟ್ಟಿ ಇಡುವುದು, ಅದು ಕೈಕೊಟ್ಟಾಗ ಸರಿಪಡಿಸುವುದು

ಆರ್ಗ್ ಮೋಡ್ ಎನ್ನುವುದು ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಒಳಗೆ ಕೆಲಸ ಮಾಡುವ ತಂತ್ರಾಂಶ. ಟಿಪ್ಪಣಿ, ಮಾಡಬೇಕಾದ ಕೆಲಸ, ಗಡುವು, ದಿನಚರಿ ಎಲ್ಲವೂ ಅದರಲ್ಲಿ ಒಂದೇ ಕಡೆ ಇರುತ್ತವೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಕಾರ್ಸ್ಟನ್ ಡಾಮಿನಿಕ್ 2003ರಲ್ಲಿ ಇದನ್ನು ಬರೆಯಲು ಆರಂಭಿಸಿದರು. 2007ರಲ್ಲಿ ಬಿಡುಗಡೆಯಾದ ಇಮ್ಯಾಕ್ಸ್ 22ರಿಂದ ಈಚೆಗೆ ಅದು ಇಮ್ಯಾಕ್ಸ್ ಜೊತೆಯಲ್ಲೇ ಬರುತ್ತದೆ, ಬೇರೆಯಾಗಿ ಹಾಕಿಕೊಳ್ಳುವ ಅಗತ್ಯವಿಲ್ಲ. ಇದು ಉಚಿತ. ಖಾತೆ ತೆರೆಯಬೇಕಿಲ್ಲ. ನೀವು ಬರೆದದ್ದೆಲ್ಲ ನಿಮ್ಮದೇ ಕಂಪ್ಯೂಟರಿನಲ್ಲಿ ಸಾಮಾನ್ಯ ಪಠ್ಯದ ಫೈಲಾಗಿ ಉಳಿಯುತ್ತದೆ. ನಾಳೆ ಇಮ್ಯಾಕ್ಸ್ ಬಿಟ್ಟರೂ ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು.

ಇದರಲ್ಲಿ ಏನು ಕೆಟ್ಟರೂ ಕಾರಣ ಕಣ್ಣಿಗೆ ಕಾಣುವ ಜಾಗದಲ್ಲೇ ಇರುತ್ತದೆ. ಹಾಗಿದ್ದೂ ಹೆಚ್ಚಿನವರು ತೊಂದರೆ ಬಂದ ಕೂಡಲೇ ಹೊಸ ಪ್ಯಾಕೇಜು ಹುಡುಕಲು ಹೊರಡುತ್ತಾರೆ, ಅಲ್ಲಿಗೆ ಒಂದು ಗಂಟು ಎರಡಾಗುತ್ತದೆ. ನನ್ನ ಸಲಹೆಯ ಕ್ರಮ ಬೇರೆ: ಮೊದಲು ಆ ಸಾಲನ್ನು ನೋಡಿ, ಆಮೇಲೆ ಆ ಫೈಲನ್ನು, ಕೊನೆಗೆ ಸೆಟಿಂಗನ್ನು. ಮುಂದೆ ಹೇಳುವುದೆಲ್ಲ ಈ ಕ್ರಮದಲ್ಲೇ ಇದೆ.

ಕೀಲಿಗಳ ಮತ್ತು ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. 'ಕಂಟ್ರೋಲ್+ಸಿ' ಎಂದರೆ ಕಂಟ್ರೋಲ್ ಕೀಲಿಯನ್ನು ಹಿಡಿದು ಇಂಗ್ಲಿಷಿನ ಸಿ ಒತ್ತುವುದು. 'ಆಲ್ಟ್+ಎಕ್ಸ್' ಒತ್ತಿದರೆ ಕೆಳಗಿನ ಪಟ್ಟಿಯಲ್ಲಿ ಆಜ್ಞೆಯ ಹೆಸರು ಬರೆಯಲು ಜಾಗ ಬರುತ್ತದೆ, ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಎಲ್ಲಿಯಾದರೂ ಸಿಕ್ಕಿಕೊಂಡರೆ ಕಂಟ್ರೋಲ್+ಜಿ ಒತ್ತಿ, ಅರ್ಧಕ್ಕೆ ನಿಂತ ಆಜ್ಞೆ ರದ್ದಾಗುತ್ತದೆ.

ಮೊದಲು ಕನ್ನಡ ಸರಿಯಾಗಿ ಬರಲಿ

ಇಮ್ಯಾಕ್ಸ್ 27 ಅಥವಾ ಅದಕ್ಕಿಂತ ಹೊಸದನ್ನು ಹಾಕಿಕೊಳ್ಳಿ. ಆ ಆವೃತ್ತಿಯಿಂದ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶ ವಹಿಸಿಕೊಂಡಿದೆ, ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಕನ್ನಡದ ಬದಲು ಚೌಕಗಳು ಕಂಡರೆ ಫಾಂಟ್ ಇಲ್ಲ ಎಂದರ್ಥ. ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಮೂರೂ ಉಚಿತವಾಗಿ ಸಿಗುತ್ತವೆ, ಯಾವುದನ್ನಾದರೂ ಹಾಕಿ ಇಮ್ಯಾಕ್ಸನ್ನು ಮತ್ತೆ ತೆರೆಯಿರಿ.

ಟೈಪಿಂಗ್ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕಂಪ್ಯೂಟರಿನ ಕೀಲಿಮಣೆಯನ್ನೇ ಕನ್ನಡಕ್ಕೆ ಬದಲಾಯಿಸಿಕೊಂಡು ಬರೆದರೆ, ಕಂಟ್ರೋಲ್+ಸಿ ಒತ್ತಿದಾಗ ಇಮ್ಯಾಕ್ಸಿಗೆ ಸಿ ಬದಲು ಆ ಕೀಲಿಯ ಮೇಲಿರುವ ಕನ್ನಡ ಅಕ್ಷರ ತಲುಪಬಹುದು. ಆಗ ಈ ಕೀಲಿಗೆ ಅರ್ಥವಿಲ್ಲ ಎಂಬ ಸಂದೇಶ ಕೆಳಗೆ ಬರುತ್ತದೆ. ಆಜ್ಞೆಗಳೇ ಕೆಲಸ ಮಾಡುತ್ತಿಲ್ಲ ಎಂದು ದೂರುವ ಕನ್ನಡಿಗರಲ್ಲಿ ಬಹಳ ಜನರ ತೊಂದರೆ ಇಷ್ಟೇ. ಇಮ್ಯಾಕ್ಸಿನ ಒಳಗೇ ಕನ್ನಡ-ಐಟ್ರಾನ್ಸ್ ಮತ್ತು ಕನ್ನಡ-ಇನ್‌ಸ್ಕ್ರಿಪ್ಟ್ ಎಂಬ ಎರಡು ಬರವಣಿಗೆ ವಿಧಾನಗಳಿವೆ. ಕಂಟ್ರೋಲ್+ಎಕ್ಸ್, ಎಂಟರ್, ಕಂಟ್ರೋಲ್+ಹಿಂಬಾಗಿದ ಗೆರೆ ಒತ್ತಿ ಒಂದನ್ನು ಆರಿಸಿಕೊಳ್ಳಿ. ಅಲ್ಲಿಂದ ಮುಂದೆ ಕಂಟ್ರೋಲ್+ಹಿಂಬಾಗಿದ ಗೆರೆ ಒಂದೇ ಸಾಕು, ಕನ್ನಡಕ್ಕೂ ಇಂಗ್ಲಿಷಿಗೂ ಓಡಾಡಬಹುದು. ಹೀಗೆ ಬರೆಯುವಾಗ ಆಜ್ಞೆಯ ಕೀಲಿಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ.

ವಿಂಡೋಸಿನಲ್ಲಿ ಇನ್ನೊಂದು ಘರ್ಷಣೆ ಇದೆ. ಎರಡು ಭಾಷೆಯ ಕೀಲಿಮಣೆ ಹಾಕಿಕೊಂಡವರಿಗೆ ಆಲ್ಟ್+ಶಿಫ್ಟ್ ಒತ್ತಿದರೆ ಭಾಷೆ ಬದಲಾಗುತ್ತದೆ. ಆರ್ಗ್‌ನಲ್ಲಿ ಆಲ್ಟ್+ಶಿಫ್ಟ್ ಜೊತೆಗೆ ಎಂಟರ್, ಬಾಣದ ಕೀಲಿಗಳು ದಿನವೂ ಬೇಕು. ವಿಂಡೋಸಿನ ಭಾಷಾ ಸೆಟಿಂಗಿನಲ್ಲಿ ಆ ಶಾರ್ಟ್‌ಕಟ್ ತೆಗೆದುಹಾಕಿ.

ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ, ಯುನಿಕೋಡ್ ಬಳಕೆಗೆ ಬರುವ ಮೊದಲು ಟೈಪ್ ಮಾಡಿದ ಟಿಪ್ಪಣಿಗಳನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದು ಇಮ್ಯಾಕ್ಸಿನ ದೋಷವಲ್ಲ. ಆ ಪಠ್ಯ ಕನ್ನಡವಾಗಿ ಕಾಣಲು ಅದೇ ಫಾಂಟ್ ಬೇಕು. ಮೊದಲು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಂಡು ಆಮೇಲೆ ತನ್ನಿ. ಉಳಿಸುವಾಗ ಯಾವ ಎನ್‌ಕೋಡಿಂಗ್ ಎಂದು ಇಮ್ಯಾಕ್ಸ್ ಕೇಳಿದರೆ ಪ್ರತಿ ಸಲವೂ ಯುಟಿಎಫ್-8 ಎಂದೇ ಉತ್ತರಿಸಿ.

ಮೊದಲ ಫೈಲ್

ಕಂಟ್ರೋಲ್+ಎಕ್ಸ್, ಕಂಟ್ರೋಲ್+ಎಫ್ ಒತ್ತಿ ಹೊಸ ಫೈಲ್ ತೆರೆಯಿರಿ. ಹೆಸರಿನ ಕೊನೆಗೆ ಡಾಟ್ ಆರ್ಗ್ ಇರಲೇಬೇಕು, ಅದನ್ನು ನೋಡಿಯೇ ಇಮ್ಯಾಕ್ಸ್ ಆರ್ಗ್ ಮೋಡನ್ನು ಚಾಲೂ ಮಾಡುತ್ತದೆ. ಫೈಲಿನ ಒಳಗೆ ಹೀಗೆ ಬರೆಯಿರಿ:

* ಮನೆ
** ಬಾಡಿಗೆ ಕಟ್ಟುವುದು
** ನೀರಿನ ಫಿಲ್ಟರ್ ತೊಳೆಯುವುದು
* ಕಚೇರಿ
** ತಿಂಗಳ ವರದಿ
- [ ] ಅಂಕಿ ಅಂಶ ತರಿಸುವುದು
- [ ] ಕರಡು ಬರೆಯುವುದು

ನಕ್ಷತ್ರಗಳ ಸಂಖ್ಯೆಯೇ ತಲೆಬರಹದ ಮಟ್ಟ. ನಕ್ಷತ್ರ ಸಾಲಿನ ತೀರಾ ಎಡತುದಿಯಲ್ಲಿರಬೇಕು, ಅದರ ನಂತರ ಒಂದು ಖಾಲಿ ಜಾಗ ಬಿಡಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಅದು ತಲೆಬರಹವಲ್ಲ, ಬರೀ ಪಠ್ಯ. ಬಣ್ಣ ಬದಲಾಗದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಟ್ಯಾಬ್ ಒತ್ತಿದರೆ ತಲೆಬರಹದ ಕೆಳಗಿನದು ಮಡಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ತೆರೆದುಕೊಳ್ಳುತ್ತದೆ. ಶಿಫ್ಟ್+ಟ್ಯಾಬ್ ಇಡೀ ಫೈಲಿಗೆ ಅದನ್ನೇ ಮಾಡುತ್ತದೆ. "ಬರೆದದ್ದೆಲ್ಲ ಮಾಯವಾಯಿತು" ಎಂಬ ಗಾಬರಿಯಲ್ಲಿ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ, ಪಠ್ಯ ಮಡಚಿಕೊಂಡಿರುತ್ತದೆ ಅಷ್ಟೆ. ಆಲ್ಟ್+ಎಂಟರ್ ಹೊಸ ತಲೆಬರಹ ಕೊಡುತ್ತದೆ. ಆಲ್ಟ್ ಜೊತೆ ಮೇಲಿನ, ಕೆಳಗಿನ ಬಾಣಗಳು ತಲೆಬರಹವನ್ನು ಅದರ ಸಂಸಾರ ಸಮೇತ ಸರಿಸುತ್ತವೆ. ಎಡ, ಬಲ ಬಾಣಗಳು ಆ ತಲೆಬರಹದ ಮಟ್ಟವನ್ನು ಮಾತ್ರ ಬದಲಿಸುತ್ತವೆ. ಚೌಕದ ಸಾಲಿನ ಮೇಲೆ ಕಂಟ್ರೋಲ್+ಸಿ ಎರಡು ಸಲ ಒತ್ತಿದರೆ ಗುರುತು ಬೀಳುತ್ತದೆ.

ಕೆಲಸದ ಸ್ಥಿತಿ, ಕನ್ನಡದಲ್ಲೇ

ತಲೆಬರಹದ ಮೇಲೆ ಕಂಟ್ರೋಲ್+ಸಿ, ಕಂಟ್ರೋಲ್+ಟಿ ಒತ್ತಿ. ಮುಂದೆ 'ಟುಡು' ಎಂಬ ಪದ ಇಂಗ್ಲಿಷಿನಲ್ಲಿ ಬರುತ್ತದೆ, ಮತ್ತೆ ಒತ್ತಿದರೆ 'ಡನ್' ಆಗುತ್ತದೆ. ಈ ಪದಗಳನ್ನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು. ಫೈಲಿನ ಮೇಲ್ತುದಿಯಲ್ಲಿ ಹ್ಯಾಶ್ ಚಿಹ್ನೆ, ಪ್ಲಸ್ ಚಿಹ್ನೆ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಟುಡು, ಕೋಲನ್ ಹಾಕಿ ಅದರ ಮುಂದೆ ಹೀಗೆ ಬರೆಯಿರಿ:

ಮಾಡಬೇಕು ಕಾಯುತ್ತಿದೆ | ಮುಗಿಯಿತು ಬೇಡ

ನಿಂತ ಗೆರೆಯ ಎಡಕ್ಕಿರುವುದು ಬಾಕಿ ಕೆಲಸ, ಬಲಕ್ಕಿರುವುದು ಮುಗಿದ ಕೆಲಸ. ಗೆರೆ ಹಾಕದಿದ್ದರೆ ಕೊನೆಯ ಪದ ಮಾತ್ರ ಮುಗಿದದ್ದು ಎಂದು ಆರ್ಗ್ ತಿಳಿಯುತ್ತದೆ. ಆಗ 'ಮುಗಿಯಿತು' ಎಂದು ಗುರುತಿಸಿದ ಕೆಲಸವೂ ಪಟ್ಟಿಯಲ್ಲಿ ಉಳಿದುಬಿಡುತ್ತದೆ. ಒಂದೊಂದು ಸ್ಥಿತಿಯೂ ಒಂದೇ ಪದವಾಗಿರಲಿ, ನಡುವೆ ಖಾಲಿ ಜಾಗ ಬಂದರೆ ಎರಡು ಸ್ಥಿತಿಗಳಾಗುತ್ತವೆ.

ಬರೆದ ಮೇಲೆ ಆ ಸಾಲಿನ ಮೇಲೆಯೇ ಕಂಟ್ರೋಲ್+ಸಿ ಎರಡು ಸಲ ಒತ್ತುವುದನ್ನು ಮರೆಯಬೇಡಿ. ಹ್ಯಾಶ್-ಪ್ಲಸ್‌ನಿಂದ ಆರಂಭವಾಗುವ ಸೆಟಿಂಗ್ ಸಾಲುಗಳನ್ನು ಆರ್ಗ್ ಫೈಲ್ ತೆರೆಯುವಾಗ ಒಮ್ಮೆ ಓದುತ್ತದೆ. ನಡುವೆ ಬದಲಿಸಿದರೆ ಮತ್ತೆ ಓದು ಎಂದು ಹೀಗೆ ಹೇಳಬೇಕಾಗುತ್ತದೆ.

ದಿನಾಂಕ: ಹೆಚ್ಚಿನ ತೊಡಕು ಇಲ್ಲೇ

ಮೂರು ಬಗೆಯ ದಿನಾಂಕಗಳಿವೆ, ಅವುಗಳ ವ್ಯತ್ಯಾಸ ತಿಳಿದರೆ ಆರ್ಗ್ ಅರ್ಧ ಕೈವಶವಾದಂತೆ. ಕಂಟ್ರೋಲ್+ಸಿ, ಕಂಟ್ರೋಲ್+ಎಸ್ ಹಾಕುವುದು 'ಷೆಡ್ಯೂಲ್ಡ್', ಅಂದರೆ ಈ ಕೆಲಸಕ್ಕೆ ಕೈಹಾಕುವ ದಿನ. ಆ ದಿನ ಮಾಡದಿದ್ದರೆ ಮುಗಿಯುವವರೆಗೂ ಪ್ರತಿದಿನ ಅಜೆಂಡಾದಲ್ಲಿ, ಅಂದರೆ ದಿನದ ಕೆಲಸಗಳನ್ನು ತೋರಿಸುವ ಪುಟದಲ್ಲಿ, ಕಾಣುತ್ತಲೇ ಇರುತ್ತದೆ. ಕಂಟ್ರೋಲ್+ಸಿ, ಕಂಟ್ರೋಲ್+ಡಿ ಹಾಕುವುದು 'ಡೆಡ್‌ಲೈನ್', ಅಂದರೆ ಕೊನೆಯ ದಿನ. ಬೇರೆ ಸೆಟಿಂಗ್ ಮಾಡದಿದ್ದರೆ 14 ದಿನ ಮೊದಲೇ ಎಚ್ಚರಿಸಲು ಶುರುಮಾಡುತ್ತದೆ. ಮದುವೆ, ಸಭೆ, ಡಾಕ್ಟರ ಭೇಟಿಯಂಥವಕ್ಕೆ ಇವೆರಡೂ ಬೇಡ. ಕಂಟ್ರೋಲ್+ಸಿ ಒತ್ತಿ ಪೂರ್ಣವಿರಾಮದ ಚುಕ್ಕಿ ಒತ್ತಿದರೆ ಬರಿಯ ದಿನಾಂಕ ಬರುತ್ತದೆ, ಅದು ಆ ದಿನ ಮಾತ್ರ ಕಂಡು ಸರಿಯುತ್ತದೆ. ಮದುವೆಗೆ 'ಷೆಡ್ಯೂಲ್ಡ್' ಹಾಕಿದರೆ ಮದುವೆ ಮುಗಿದು ವಾರವಾದರೂ ಅದು ಪಟ್ಟಿಯಿಂದ ಇಳಿಯುವುದಿಲ್ಲ.

ದಿನಾಂಕ ಕೇಳಿದಾಗ ಪೂರ್ತಿ ಬರೆಯಬೇಕಿಲ್ಲ. ಪ್ಲಸ್ 3 ಎಂದರೆ ಇಂದಿನಿಂದ ಮೂರು ದಿನಕ್ಕೆ. ಶುಕ್ರವಾರದ ಇಂಗ್ಲಿಷ್ ಹೆಸರಿನ ಮೊದಲ ಮೂರಕ್ಷರ ಬರೆದರೆ ಮುಂದಿನ ಶುಕ್ರವಾರಕ್ಕೆ. ಫೈಲಿನಲ್ಲಿ ಕೂರುವ ರೂಪ ಹೀಗಿರುತ್ತದೆ:

<2026-06-05 ಶುಕ್ರ>

ವಾರದ ಹೆಸರು ಕಂಪ್ಯೂಟರಿನ ಭಾಷೆಗೆ ತಕ್ಕಂತೆ ಬರುತ್ತದೆ, ಕನ್ನಡದಲ್ಲಿದ್ದರೂ ನಡೆಯುತ್ತದೆ. ಆದರೆ ಅಂಕಿಗಳು ಮಾತ್ರ 2026 ಎಂದೇ ಇರಬೇಕು. ೨೦೨೬ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಆರ್ಗ್ ಅದನ್ನು ದಿನಾಂಕವೆಂದು ಗುರುತಿಸುವುದಿಲ್ಲ. ಆವರಣವೂ ಮುಖ್ಯ. ಮೊನಚಾದ ಆವರಣದ ದಿನಾಂಕ ಅಜೆಂಡಾಕ್ಕೆ ಹೋಗುತ್ತದೆ. ಚೌಕಾಕಾರದ [2026-06-05 ಶುಕ್ರ] ನೆನಪಿಗಾಗಿ ಬರೆದಿಟ್ಟದ್ದು, ಅಜೆಂಡಾದಲ್ಲಿ ಬರುವುದಿಲ್ಲ.

ಇನ್ನು ಜಾಗದ ಪ್ರಶ್ನೆ. 'ಷೆಡ್ಯೂಲ್ಡ್', 'ಡೆಡ್‌ಲೈನ್' ಸಾಲು ತಲೆಬರಹದ ಕೂಡಲೇ ಕೆಳಗಿನ ಸಾಲಿನಲ್ಲೇ ಇರಬೇಕು. ನಡುವೆ ಒಂದು ಖಾಲಿ ಸಾಲು ಬಿಟ್ಟರೂ, ಒಂದು ಟಿಪ್ಪಣಿ ತುರುಕಿದರೂ ಅದು ಗಡುವಾಗಿ ಉಳಿಯುವುದಿಲ್ಲ. ಮುನ್ನೆಚ್ಚರಿಕೆ ನಿಂತುಹೋಗುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಕೈಯಿಂದ ಟೈಪ್ ಮಾಡುವವರಿಗೆ, ಮೊಬೈಲಿನಿಂದ ಅಂಟಿಸುವವರಿಗೆ ಇದು ಪದೇ ಪದೇ ಆಗುತ್ತದೆ. ದಿನಾಂಕವನ್ನು ಯಾವಾಗಲೂ ಆಜ್ಞೆಯಿಂದಲೇ ಹಾಕಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಮರುಕಳಿಸುವ ಕೆಲಸಗಳಿಗೆ ದಿನಾಂಕದ ಒಳಗೆ, ಮುಚ್ಚುವ ಆವರಣಕ್ಕೆ ಮೊದಲು ಒಂದು ಗುರುತು ಸೇರಿಸಬೇಕು. ಇಲ್ಲಿ ಮೂರು ದಾರಿಗಳಿವೆ. ಬಾಡಿಗೆಗೆ ಒಂದು ಪ್ಲಸ್, 1, ಇಂಗ್ಲಿಷಿನ ಸಣ್ಣಕ್ಷರ ಎಂ. ಜೂನ್ 5ರ ಬಾಡಿಗೆಯನ್ನು ಎಷ್ಟೇ ತಡವಾಗಿ ಮುಗಿಯಿತು ಎಂದು ಗುರುತಿಸಿದರೂ ಮುಂದಿನದು ಜುಲೈ 5ಕ್ಕೇ ಬರುತ್ತದೆ. ಎರಡು ತಿಂಗಳು ಬಾಕಿ ಇದ್ದರೆ ಎರಡು ಸಲ ಗುರುತಿಸಬೇಕು, ಬಾಡಿಗೆಯ ಲೆಕ್ಕಕ್ಕೆ ಅದೇ ಸರಿ. ಶನಿವಾರ ಗಿಡಗಳಿಗೆ ಗೊಬ್ಬರ ಹಾಕುವಂಥ ಕೆಲಸಕ್ಕೆ ಎರಡು ಪ್ಲಸ್, 1, ಡಬ್ಲ್ಯೂ. ತಪ್ಪಿಹೋದ ವಾರಗಳನ್ನು ಅದು ಬಿಟ್ಟು ಮುಂದೆ ಬರುವ ಶನಿವಾರಕ್ಕೆ ಹೋಗುತ್ತದೆ. ಫಿಲ್ಟರ್ ತೊಳೆಯಲು ಚುಕ್ಕಿ, ಪ್ಲಸ್, 3, ಎಂ, ಅಂದರೆ ತೊಳೆದ ದಿನದಿಂದ ಮೂರು ತಿಂಗಳಿಗೆ. ಇವುಗಳ ನಡುವೆ ಖಾಲಿ ಜಾಗ ಬಿಡದೆ ಬರೆಯಬೇಕು. ಮುಗಿಯಿತು ಎಂದು ಒತ್ತಿದಾಗ ಕೆಲಸ ಮತ್ತೆ 'ಮಾಡಬೇಕು' ಸ್ಥಿತಿಗೆ ಮರಳಿದರೆ ಗಾಬರಿಯಾಗಬೇಡಿ, ದಿನಾಂಕ ಮುಂದೆ ಹೋಗಿದೆಯೇ ನೋಡಿ. ಹೋಗಿದ್ದರೆ ಎಲ್ಲವೂ ಸರಿಯಾಗಿದೆ.

ಅಜೆಂಡಾ ಖಾಲಿ ಬಂದರೆ

ಅಜೆಂಡಾ ಎಂದರೆ ಹಲವು ಫೈಲುಗಳಲ್ಲಿ ಚದುರಿದ ಕೆಲಸಗಳನ್ನು ಆರಿಸಿ ದಿನದ ಲೆಕ್ಕದಲ್ಲಿ ತೋರಿಸುವ ಪುಟ. ಅದನ್ನು ಕರೆಯಲು ಕಂಟ್ರೋಲ್+ಸಿ, ಎ ಒತ್ತಿ ಎಂದು ಎಲ್ಲರೂ ಹೇಳುತ್ತಾರೆ. ಹೊಸದಾಗಿ ಹಾಕಿದ ಇಮ್ಯಾಕ್ಸಿನಲ್ಲಿ ಆ ಕೀಲಿ ಕೆಲಸ ಮಾಡುವುದಿಲ್ಲ, ಅದನ್ನು ನಾವೇ ಜೋಡಿಸಿಕೊಳ್ಳಬೇಕು. ಇಮ್ಯಾಕ್ಸಿನ ಒಳಗೇ ಇರುವ ಆರ್ಗ್ ಕೈಪಿಡಿಯಲ್ಲಿ 'ಆಕ್ಟಿವೇಷನ್' ಎಂಬ ಭಾಗವಿದೆ. ಅಲ್ಲಿರುವ ಮೂರು ಸಾಲುಗಳನ್ನು ನಿಮ್ಮ ಇನಿಟ್ ಫೈಲಿಗೆ, ಅಂದರೆ ಇಮ್ಯಾಕ್ಸ್ ತೆರೆಯುವಾಗ ಓದುವ ಸೆಟಿಂಗ್ ಫೈಲಿಗೆ, ನಕಲು ಮಾಡಿ. ಅಲ್ಲಿಯವರೆಗೆ ಆಲ್ಟ್+ಎಕ್ಸ್ ಒತ್ತಿ ಆರ್ಗ್-ಅಜೆಂಡಾ ಎಂದು ಬರೆದರೂ ಪುಟ ತೆರೆಯುತ್ತದೆ.

ಪುಟ ತೆರೆದು ಏನೂ ಕಾಣದಿದ್ದರೆ ಫೈಲು ಅಜೆಂಡಾದ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ಕಂಟ್ರೋಲ್+ಎಚ್, ವಿ ಒತ್ತಿ ಆರ್ಗ್-ಅಜೆಂಡಾ-ಫೈಲ್ಸ್ ಎಂದು ಕೇಳಿದರೆ ಪಟ್ಟಿ ಕಾಣುತ್ತದೆ. ನಿಮ್ಮ ಫೈಲ್ ಅಲ್ಲಿಲ್ಲದಿದ್ದರೆ, ಆ ಫೈಲಿಗೆ ಹೋಗಿ ಕಂಟ್ರೋಲ್+ಸಿ ಮತ್ತು ತೆರೆಯುವ ಚೌಕ ಆವರಣ ಒತ್ತಿ. ಪಟ್ಟಿಯಲ್ಲಿ ಫೋಲ್ಡರನ್ನೇ ಕೊಟ್ಟಿದ್ದರೆ ಎರಡು ಮಿತಿಗಳು ನೆನಪಿರಲಿ: ಡಾಟ್ ಆರ್ಗ್ ಫೈಲುಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ, ಒಳಫೋಲ್ಡರುಗಳೊಳಗೆ ಅದು ಇಳಿಯುವುದಿಲ್ಲ. ಕೀಲಿಯಿಂದ ಸೇರಿಸುವುದು, ಇನಿಟ್ ಫೈಲಿನಲ್ಲಿ ಬರೆಯುವುದು, ಎರಡರಲ್ಲಿ ಒಂದನ್ನೇ ಹಿಡಿದುಕೊಳ್ಳಿ. ಎರಡನ್ನೂ ಬೆರೆಸಿದರೆ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ, ಇಮ್ಯಾಕ್ಸ್ ಮತ್ತೆ ತೆರೆದಾಗ ಪಟ್ಟಿ ಬದಲಾಗಿರುತ್ತದೆ.

ಫೈಲ್ ಪಟ್ಟಿಯಲ್ಲಿದ್ದೂ ಕೆಲಸ ಕಾಣದಿದ್ದರೆ ಆ ಸಾಲಿಗೆ ಮರಳಿ: ಆವರಣ ಯಾವುದು, ಗಡುವಿನ ಸಾಲು ಎಲ್ಲಿದೆ, ಸ್ಥಿತಿ ಗೆರೆಯ ಯಾವ ಕಡೆಯದು. ಕೆಲವೊಮ್ಮೆ ಒಂದೇ ಫೈಲಿಗೆ ಅಜೆಂಡಾವನ್ನು ಕಟ್ಟಿಹಾಕುವ ಕೀಲಿ ಕೈತಪ್ಪಿ ಒತ್ತಿಹೋಗಿರುತ್ತದೆ. ಕಂಟ್ರೋಲ್+ಸಿ, ಕಂಟ್ರೋಲ್+ಎಕ್ಸ್, ಬಲಕ್ಕೆ ಬಾಗಿದ ಮೊನಚು ಆವರಣ ಒತ್ತಿದರೆ ಬಿಡುಗಡೆ. ಫೈಲ್ ಬದಲಿಸಿದ ಮೇಲೆ ಅಜೆಂಡಾ ಪುಟದಲ್ಲಿ ಆರ್ ಒತ್ತಿ, ಅದು ತಾನಾಗಿ ಹೊಸದಾಗುವುದಿಲ್ಲ.

ಥಟ್ಟನೆ ಟಿಪ್ಪಣಿ ಬರೆಯುವ 'ಕ್ಯಾಪ್ಚರ್' ಬಳಸಿದವರ ಟಿಪ್ಪಣಿಗಳು ಕಾಣೆಯಾಗುವುದೂ ಇದೇ ಬಗೆಯ ತೊಂದರೆ. ಏನೂ ಸೆಟ್ ಮಾಡದಿದ್ದರೆ ಅವು ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಆರಂಭವಾಗುವ 'ನೋಟ್ಸ್' ಎಂಬ ಫೈಲಿಗೆ ಹೋಗಿ ಬೀಳುತ್ತವೆ. ಚುಕ್ಕಿಯಿಂದಾಗಿ ಲಿನಕ್ಸಿನಲ್ಲಿ ಆ ಫೈಲ್ ಮರೆಯಾಗಿರುತ್ತದೆ, ಡಾಟ್ ಆರ್ಗ್ ಅಲ್ಲದ ಕಾರಣ ಅಜೆಂಡಾಕ್ಕೂ ಸೇರುವುದಿಲ್ಲ. ಆರ್ಗ್-ಡೀಫಾಲ್ಟ್-ನೋಟ್ಸ್-ಫೈಲ್ ಎಂಬ ಸೆಟಿಂಗಿಗೆ ನಿಮ್ಮ ಫೈಲಿನ ಹೆಸರು ಕೊಟ್ಟರೆ ಮುಗಿಯಿತು. ಹಳೆಯ ಟಿಪ್ಪಣಿಗಳು ಅಲ್ಲೇ ಸುರಕ್ಷಿತವಾಗಿವೆ, ತೆರೆದು ತಂದುಕೊಳ್ಳಿ.

ಟ್ಯಾಗ್ ಮತ್ತು ಕಾಣದ ಅಕ್ಷರ

ತಲೆಬರಹದ ಕೊನೆಗೆ :ಮನೆ: ಎಂದು ಕೋಲನ್‌ಗಳ ನಡುವೆ ಬರೆದರೆ ಅದು ಟ್ಯಾಗ್. ಕಂಟ್ರೋಲ್+ಸಿ, ಕಂಟ್ರೋಲ್+ಕ್ಯೂ ಒತ್ತಿಯೂ ಹಾಕಬಹುದು. ಅಕ್ಷರ, ಅಂಕಿ, ಕೆಳಗೆರೆ ಮತ್ತು ಅಟ್, ಹ್ಯಾಶ್, ಶೇಕಡಾ ಚಿಹ್ನೆಗಳಿಗೆ ಮಾತ್ರ ಅವಕಾಶ. ಅಡ್ಡಗೆರೆ ಬಂದರೆ ಟ್ಯಾಗ್ ಆಗುವುದಿಲ್ಲ.

ಕನ್ನಡದ ಟ್ಯಾಗುಗಳು ಗುಣಿತಾಕ್ಷರ, ಒತ್ತಕ್ಷರಗಳ ಸಮೇತ ನಡೆಯುತ್ತವೆ. ಆದರೆ ನೋಡಲು ಎಲ್ಲವೂ ಸರಿ ಇದ್ದು :ಬ್ಯಾಂಕ್: ಮಾತ್ರ ಟ್ಯಾಗ್ ಆಗದೆ ನಿಲ್ಲುವುದುಂಟು. ಕಾರಣ ಶೂನ್ಯ ಅಗಲದ ಒಂದು ಅಕ್ಷರ. ವ್ಯಂಜನವನ್ನು ಅರ್ಧಕ್ಕೆ ನಿಲ್ಲಿಸಿ ಮುಂದಿನದರೊಂದಿಗೆ ಕೂಡದಂತೆ ಮಾಡಲು ಕನ್ನಡ ಟೈಪಿಂಗಿನಲ್ಲಿ ಅದನ್ನು ಬಳಸುತ್ತೇವೆ. 'ಬ್ಯಾಂಕ್‌ನಲ್ಲಿ' ಎಂದು ಬರೆಯುವಾಗ ಅದು ಬೇಕೇ ಬೇಕು. ಆರ್ಗ್‌ನ ಲೆಕ್ಕದಲ್ಲಿ ಅದು ಅಕ್ಷರವೂ ಅಲ್ಲ, ಅಂಕಿಯೂ ಅಲ್ಲ, ಆದ್ದರಿಂದ ಟ್ಯಾಗಿನೊಳಗೆ ಬಂದರೆ ಇಡೀ ಟ್ಯಾಗ್ ಅಮಾನ್ಯ. ಹುಡುಕಾಟದಲ್ಲೂ ಹೀಗೇ: ಒಂದೇ ಪದವನ್ನು ಒಂದು ಕಡೆ ಅದರೊಂದಿಗೆ, ಇನ್ನೊಂದು ಕಡೆ ಅದಿಲ್ಲದೆ ಬರೆದಿದ್ದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಕಂಟ್ರೋಲ್+ಎಸ್ ಒತ್ತಿ ಹುಡುಕಾಟ ಆರಂಭಿಸಿ, ಕಂಟ್ರೋಲ್+ಎಕ್ಸ್, 8, ಎಂಟರ್, ಆಮೇಲೆ 200ಸಿ ಎಂದು ಕೊಟ್ಟು ಎಂಟರ್ ಒತ್ತಿದರೆ ಆ ಅಕ್ಷರ ಇರುವ ಜಾಗಗಳು ಒಂದೊಂದಾಗಿ ಸಿಗುತ್ತವೆ. ಟ್ಯಾಗುಗಳಿಗೆ ಸ್ವರದಲ್ಲಿ ಮುಗಿಯುವ ಪದಗಳನ್ನೇ ಆರಿಸಿಕೊಂಡರೆ ಈ ಉಪದ್ರವವೇ ಇಲ್ಲ: ಮನೆ, ಕಚೇರಿ, ಪೇಟೆ, ಹಣ.

ಟ್ಯಾಗುಗಳು, ಕೋಷ್ಟಕದ ಗೆರೆಗಳು ಓರೆಕೋರೆಯಾಗಿ ಕಂಡರೆ ಅದು ಕಾಣುವ ದೋಷ ಮಾತ್ರ. ಕನ್ನಡದ ಅಕ್ಷರಗಳ ಅಗಲ ಒಂದೇ ಸಮನಿಲ್ಲ, ಆರ್ಗ್ ಖಾಲಿ ಜಾಗ ಎಣಿಸಿ ಸಾಲುಗೂಡಿಸುತ್ತದೆ. ಆರ್ಗ್-ಟ್ಯಾಗ್ಸ್-ಕಾಲಮ್ ಸೆಟಿಂಗನ್ನು 0 ಮಾಡಿದರೆ ಟ್ಯಾಗ್ ತಲೆಬರಹದ ಪಕ್ಕಕ್ಕೇ ಬರುತ್ತದೆ.

ಮೊಬೈಲ್ ಜೊತೆಗೆ

ಆಂಡ್ರಾಯ್ಡಿನಲ್ಲಿ ಆರ್ಗ್ಜ್ಲಿ ರಿವೈವ್ಡ್, ಐಫೋನಿನಲ್ಲಿ ಬಿಆರ್ಗ್ ಇದೇ ಫೈಲುಗಳನ್ನು ಓದುತ್ತವೆ. ಸಿಂಕ್‌ಥಿಂಗ್‌ನಂಥ ತಂತ್ರಾಂಶದಿಂದ ಫೋಲ್ಡರನ್ನು ಎರಡೂ ಕಡೆ ಒಂದೇ ಆಗಿಡಬಹುದು. ಕನ್ನಡದ ಸ್ಥಿತಿ ಪದ ಬಳಸುವವರು ಆರ್ಗ್ಜ್ಲಿಯ ಸೆಟಿಂಗಿನಲ್ಲೂ ಅದೇ ಪದಗಳನ್ನು ಸೇರಿಸಬೇಕು; ಇಲ್ಲವಾದರೆ 'ಮಾಡಬೇಕು' ಎಂಬುದನ್ನು ಅದು ಕೆಲಸದ ಹೆಸರಿನ ಭಾಗವೆಂದೇ ತಿಳಿಯುತ್ತದೆ. ಎರಡೂ ಕಡೆ ಒಟ್ಟಿಗೆ ತಿದ್ದಿದರೆ ಸಿಂಕ್‌ಥಿಂಗ್ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸುತ್ತದೆ. ಅದನ್ನು ಹಾಗೇ ಅಳಿಸಬೇಡಿ, ಎರಡನ್ನೂ ಹೋಲಿಸಿ ನೋಡಿ. ಇಮ್ಯಾಕ್ಸಿನಲ್ಲಿ ಗ್ಲೋಬಲ್-ಆಟೋ-ರಿವರ್ಟ್-ಮೋಡ್ ಚಾಲೂ ಇಟ್ಟರೆ ಮೊಬೈಲಿನಲ್ಲಿ ಆದ ಬದಲಾವಣೆ ತೆರೆದ ಫೈಲಿನಲ್ಲೂ ತಾನಾಗಿ ಬರುತ್ತದೆ, ಘರ್ಷಣೆ ಬಹುಮಟ್ಟಿಗೆ ತಪ್ಪುತ್ತದೆ.

ಏನು ಮಾಡಿದರೂ ಸರಿಹೋಗದಿದ್ದರೆ

ಆಲ್ಟ್+ಎಕ್ಸ್ ಒತ್ತಿ ಆರ್ಗ್-ಲಿಂಟ್ ನಡೆಸಿ. ಅದು ಇಡೀ ಫೈಲನ್ನು ಓದಿ ಜಾಗ ತಪ್ಪಿದ ಗಡುವಿನ ಸಾಲು, ಮುರಿದ ಕೊಂಡಿಗಳನ್ನು ಸಾಲಿನ ಸಂಖ್ಯೆ ಸಮೇತ ಪಟ್ಟಿ ಮಾಡುತ್ತದೆ. ಇಷ್ಟು ಉಪಯುಕ್ತವಾದ ಆಜ್ಞೆ ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ನನಗೆ ಬೇಸರದ ಸಂಗತಿ.

ಫೈಲ್ ಶುದ್ಧವಾಗಿದ್ದರೆ ಉಳಿದದ್ದು ಸೆಟಿಂಗ್. ಟರ್ಮಿನಲ್ಲಿನಿಂದ ಇಮ್ಯಾಕ್ಸನ್ನು ಅಡ್ಡಗೆರೆ ಮತ್ತು ದೊಡ್ಡಕ್ಷರ ಕ್ಯೂ ಸೇರಿಸಿ ತೆರೆಯಿರಿ, ಅದು ನಿಮ್ಮ ಯಾವ ಸೆಟಿಂಗನ್ನೂ ಓದುವುದಿಲ್ಲ. ಅಲ್ಲಿ ಅದೇ ಫೈಲ್ ಸರಿಯಾಗಿ ನಡೆದರೆ ತೊಂದರೆ ನಿಮ್ಮ ಇನಿಟ್ ಫೈಲಿನಲ್ಲಿದೆ. ಅರ್ಧ ಭಾಗ ತೆಗೆದು ನೋಡಿ, ಆಮೇಲೆ ಉಳಿದುದರಲ್ಲಿ ಅರ್ಧ. ಹೀಗೆ ಮಾಡಿದರೆ ತಪ್ಪಿದ ಸಾಲು ಬೇಗ ಸಿಗುತ್ತದೆ. ಬರೆದ ಸೆಟಿಂಗ್ ಜಾರಿಗೇ ಬರುತ್ತಿಲ್ಲ ಎಂದಾದರೆ ಹೋಮ್ ಫೋಲ್ಡರಿನಲ್ಲಿ 'ಡಾಟ್ ಇಮ್ಯಾಕ್ಸ್' ಎಂಬ ಹಳೆಯ ಫೈಲ್ ಇದೆಯೇ ನೋಡಿ. ಅದಿದ್ದರೆ ಇಮ್ಯಾಕ್ಸ್ ಅದನ್ನೇ ಓದುತ್ತದೆ, ಒಳಫೋಲ್ಡರಿನ ಇನಿಟ್ ಫೈಲನ್ನು ತಿರುಗಿಯೂ ನೋಡುವುದಿಲ್ಲ.

ಆರ್ಗ್ ಅನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ 'ಇನ್‌ವ್ಯಾಲಿಡ್ ಫಂಕ್ಷನ್' ಎಂಬಂಥ ವಿಚಿತ್ರ ದೋಷಗಳು ಬಂದರೆ ಹಳೆಯ ಮತ್ತು ಹೊಸ ಆರ್ಗ್ ಬೆರೆತಿವೆ ಎಂದು ಶಂಕಿಸಿ. ಇಮ್ಯಾಕ್ಸ್ ಜೊತೆ ಬಂದ ಆರ್ಗ್ ಮೊದಲೇ ಚಾಲೂ ಆಗಿರುವಾಗ ಹೊಸದನ್ನು ಹಾಕಿದರೆ ಹೀಗಾಗುತ್ತದೆ. ಹೊಸ ಪ್ಯಾಕೇಜನ್ನು ತೆಗೆದುಹಾಕಿ ಇಮ್ಯಾಕ್ಸನ್ನು ಮುಚ್ಚಿ, ಮತ್ತೆ ತೆರೆದು, ಒಂದೂ ಆರ್ಗ್ ಫೈಲ್ ಮುಟ್ಟುವ ಮೊದಲೇ ಹೊಸದಾಗಿ ಹಾಕಿ. ಕಲಿಯುತ್ತಿರುವವರು ಜೊತೆಗೆ ಬಂದ ಆವೃತ್ತಿಯಲ್ಲೇ ಇರುವುದು ಒಳ್ಳೆಯದು, ದಿನದ ಬಳಕೆಗೆ ಬೇಕಾದುದೆಲ್ಲ ಅದರಲ್ಲಿದೆ.

ಕರೆಂಟ್ ಹೋಗಿ ಕಂಪ್ಯೂಟರ್ ನಿಂತಿದ್ದರೆ ಅದೇ ಫೋಲ್ಡರಿನಲ್ಲಿ ಹೆಸರಿನ ಎರಡೂ ಬದಿಗೆ ಹ್ಯಾಶ್ ಚಿಹ್ನೆ ಇರುವ ಫೈಲ್ ಹುಡುಕಿ. ಉಳಿಸದೆ ಬಿಟ್ಟ ಪಠ್ಯವನ್ನು ಇಮ್ಯಾಕ್ಸ್ ಆಗಾಗ ಅಲ್ಲಿ ಬರೆದಿಡುತ್ತದೆ. ಮೂಲ ಫೈಲನ್ನು ತೆರೆದು ಆಲ್ಟ್+ಎಕ್ಸ್, ರಿಕವರ್-ದಿಸ್-ಫೈಲ್ ಎಂದರೆ ಅದು ಮರಳುತ್ತದೆ. ಹೆಸರಿನ ಕೊನೆಗೆ ಅಲೆಗೆರೆ ಇರುವುದು ಇದಕ್ಕಿಂತ ಹಿಂದಿನ ಪ್ರತಿ, ಅದನ್ನೂ ಸಾಮಾನ್ಯ ಫೈಲಿನಂತೆ ತೆರೆದು ಬೇಕಾದ ಸಾಲುಗಳನ್ನು ನಕಲು ಮಾಡಿಕೊಳ್ಳಬಹುದು.